ಅಮ್ಮನ ಹಾಲಿನ ಲೆಕ್ಕ



ಡೊಂಬಿವಲಿಯ ನಮ್ಮ ಮನೆಯಲ್ಲಿ ಹಾಲಿನ ಲೆಕ್ಕ ಅಮ್ಮನದು. ಕ್ಯಾಲೆಂಡರಿನ ಮನೆಗಳಲ್ಲಿ ಕನ್ನಡ ಅಂಕಿಗಳಲ್ಲಿ ಬರೆದಿಡುತ್ತಿದ್ದಳು. ಮೂವತ್ತು ವರ್ಷ ಒಂದು ರೂಪಾಯಿಯೂ ತಪ್ಪಿರಲಿಲ್ಲ. 2016ರ ಮಳೆಗಾಲದಲ್ಲಿ ಅದು ತಪ್ಪತೊಡಗಿತು. ಹಾಲಿನ ಭಯ್ಯಾನಿಗೆ ಒಂದೇ ತಿಂಗಳ ಹಣ ಎರಡು ಸಲ ಕೊಟ್ಟಳು. ಸಾರಿಗೆ ಎರಡು ಸಲ ಉಪ್ಪು ಬಿತ್ತು. ಸಂತೆಯಲ್ಲಿ ಮರಾಠಿಯಲ್ಲೇ ಚೌಕಾಸಿ ಮಾಡುತ್ತಿದ್ದವಳು ಕೊತ್ತಂಬರಿಯ ಹೆಸರು ನೆನಪಾಗದೆ ಬೆರಳು ತೋರಿಸಿದಳು.

"ನಿನ್ನ ಗಮನ ಎಲ್ಲಿರುತ್ತಮ್ಮಾ?" ಎಂದು ರೇಗಿದೆ.

"ಯಾಕೋ ತಲೆಗೆ ಮಂಕು ಕವಿದ ಹಾಗಿದೆ ಕಣೋ" ಎಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ದೀಪಾವಳಿ ಕಳೆದ ಮೇಲೆ ಅವಳಿಗೆ ಸ್ತನದ ಕ್ಯಾನ್ಸರ್ ಎಂದು ಗೊತ್ತಾಯಿತು. ಕೀಮೋದಿಂದ ಮರೆವು ಬರುತ್ತದೆಂದು ಕೇಳಿದ್ದೆ. ಇವಳಿಗೆ ಇನ್ನೂ ಒಂದು ಸೂಜಿಯನ್ನೂ ಚುಚ್ಚಿರಲಿಲ್ಲವಲ್ಲ! ಡಾಕ್ಟರನ್ನು ಕೇಳಿದೆ. "ಇವರಿಗೆ ಇದೇ ಕಾರಣ ಎಂದು ಖಚಿತವಾಗಿ ಹೇಳಲಾರೆ. ಆದರೆ ಹೀಗಾಗುವುದುಂಟು" ಎಂದರು.

ಆಮೇಲೆ ಓದಿ ತಿಳಿದೆ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ಸಂಶೋಧಕರು ಸ್ತನ ಕ್ಯಾನ್ಸರಿನ 84 ಮಹಿಳೆಯರ ನೆನಪು, ಗಮನಗಳನ್ನು ಕೀಮೋಗೆ ಮೊದಲೇ ಪರೀಕ್ಷಿಸಿದ್ದರು. ಸುಮಾರು ಮೂರರಲ್ಲಿ ಒಬ್ಬರಿಗೆ ಆಗಲೇ ಕೊರತೆ ಕಂಡಿತ್ತು. ಗಂಟಿನಿಂದಲೂ, ಅದರೊಡನೆ ಹೋರಾಡುವ ದೇಹದಿಂದಲೂ ಸೈಟೊಕೈನ್ ಎಂಬ ರಾಸಾಯನಿಕಗಳು ರಕ್ತಕ್ಕೆ ಸೇರುತ್ತವೆ. ಅವುಗಳ ಪ್ರಭಾವ ಮಿದುಳಿನವರೆಗೂ ಮುಟ್ಟಿ ನಿದ್ದೆ, ನೆನಪು, ಉತ್ಸಾಹಗಳನ್ನು ಕುಗ್ಗಿಸಬಹುದು. ರಕ್ತಹೀನತೆ, ಆತಂಕ, ನಿದ್ದೆಗೇಡು ಇದಕ್ಕೆ ಕೂಡಿಕೊಳ್ಳುತ್ತವೆ. ಕೆಲವು ಕ್ಯಾನ್ಸರುಗಳಲ್ಲಿ ರಕ್ತದ ಕ್ಯಾಲ್ಸಿಯಂ ಏರಿ ರೋಗಿಗೆ ಗಲಿಬಿಲಿಯಾಗುತ್ತದೆ.

ಹಾಗೆಂದು ಮರೆವೆಲ್ಲ ಕ್ಯಾನ್ಸರಲ್ಲ, ಹೆದರಬೇಡಿ. ಥೈರಾಯ್ಡ್ ತೊಂದರೆಯಿಂದಲೂ, ಬಿ-12 ಕೊರತೆಯಿಂದಲೂ, ಮನಸ್ಸಿನ ಬೇಗುದಿಯಿಂದಲೂ ಮರೆವು ಬರುತ್ತದೆ. ಆದರೆ ಚುರುಕಾಗಿದ್ದವರು ಇದ್ದಕ್ಕಿದ್ದಂತೆ ಮಂಕಾದರೆ ಗದರದೆ ಡಾಕ್ಟರಿಗೆ ತೋರಿಸಿ.

ಇನ್ನೊಂದು ಮಾತು. ಈ ಊರಿನ ಆಸ್ಪತ್ರೆಗಳಲ್ಲಿ ನಮ್ಮ ಹಿರಿಯರಿಗೆ ನಾಲಗೆಯಾಗುವವರು ನೀವೇ. "ತಲೆಗೆ ಮಂಕು ಕವಿದಿದೆ" ಎಂದು ಅವರು ಹೇಳುವುದು ಕನ್ನಡದಲ್ಲಿ, ಡಾಕ್ಟರು ಕೇಳುವುದು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ. ನಡುವೆ ಆ ಮಾತು ಬಿದ್ದುಹೋಗದಂತೆ ನೋಡಿಕೊಳ್ಳಿ. ಯಾವಾಗಿನಿಂದ, ಏನೇನು ಮರೆತರು ಎಂಬುದನ್ನು ಬರೆದಿಟ್ಟುಕೊಳ್ಳಿ. ಡಾಕ್ಟರು ಹೇಳಿದ್ದನ್ನೂ ಬರೆದುಕೊಳ್ಳಿ. ಮಂಕಾದ ತಲೆಗೆ ಆ ಸೂಚನೆಗಳು ನಿಲ್ಲುವುದಿಲ್ಲ.

ಚಿಕಿತ್ಸೆ ಮುಗಿದು ಅಮ್ಮ ಈಗ ಗುಣವಾಗಿದ್ದಾಳೆ. ಹಾಲಿನ ಲೆಕ್ಕ ನಾನು ಬರೆಯುತ್ತೇನೆ, ಅವಳು ಕೂಡಿಸುತ್ತಾಳೆ. ಎಲ್ಲಾದರೂ ತಡವರಿಸಿದರೆ ಕಾಯುತ್ತೇನೆ. ಅಂದು ರೇಗಿದ ಮಾತು ಮಾತ್ರ ಇಂದಿಗೂ ಚುಚ್ಚುತ್ತದೆ. ನಿಮಗೆ ಹಾಗಾಗದಿರಲಿ.