ಜೋಳದ ಹೊಲಕ್ಕೆ ಇಳಿದ ಚಳಿ

ದೀಪಾವಳಿ ಕಳೆದು ನಾಲ್ಕು ದಿನವಾದರೆ ಸಾಕು, ಬಸವಕಲ್ಯಾಣದ ಕಡೆಯಿಂದ ಉಮರ್ಗಾಕ್ಕೆ ಹೊರಟ ಬೆಳಗಿನ ಬಸ್ಸಿನ ಕಿಟಕಿಗಳೆಲ್ಲ ಮುಚ್ಚಿರುತ್ತವೆ. ಗಂಡಸರ ಕಿವಿಗೆ ಮಫ್ಲರ್, ಹೆಂಗಸರ ಹೆಗಲಿಗೆ ಶಾಲು, ಕೂಸುಗಳ ತಲೆಗೆ ಕುಂಚಿಗೆ. ಕರ್ನಾಟಕ ಎಲ್ಲಿ ಮುಗಿಯಿತೆಂದು ಫಲಕ ನೋಡದೆ ತಿಳಿಯುವುದಿಲ್ಲ. ಅದೇ ಕರಿ ಮಣ್ಣು, ಅದೇ ತೊಗರಿ. ನಿಲಂಗಾ, ಉದಗೀರ ತಾಲೂಕುಗಳಂತೂ 1956ರಲ್ಲಿ ರಾಜ್ಯಗಳು ಮರುವಿಂಗಡಣೆಯಾಗುವವರೆಗೆ ನಮ್ಮ ಬೀದರ ಜಿಲ್ಲೆಯಲ್ಲೇ ಇದ್ದವು. ಈಗ ಅವು ಲಾತೂರ ಜಿಲ್ಲೆಗೆ ಸೇರಿವೆ. ಉಮರ್ಗಾ ಧಾರಾಶಿವ ಜಿಲ್ಲೆಗೆ.

ಇಲ್ಲಿಯ ಚಳಿ ಬೆಟ್ಟದ ಚಳಿಯಲ್ಲ. ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತದೆ, ಸಂಜೆ ಏಳಕ್ಕೆ ಮೈ ನಡುಗುತ್ತದೆ. ನಿಲಂಗಾದಲ್ಲಿ ಬೆಳಗಿನ ಹೊತ್ತು ‘ನಿಲಂಗಾ ರೈಸ್’ ಎಂದೇ ಹೆಸರಾದ ಬಿಸಿ ಮಸಾಲೆ ಅನ್ನ ತಿಂದರೆ ಕೈ ಬೆಚ್ಚಗಾಗುತ್ತದೆ. ಆದರೆ ಚಳಿಗಾಲದ ನಿಜವಾದ ಊಟ ಊರೊಳಗೆ ಸಿಗುವುದಿಲ್ಲ, ಹೊಲಕ್ಕೇ ಹೋಗಬೇಕು. ಹಿಂಗಾರಿ ಜೋಳ ಕರಿ ಮಣ್ಣು ಹಿಡಿದಿಟ್ಟ ತೇವದಲ್ಲೇ ಬೆಳೆಯುವ ಪೈರು. ತೆನೆ ಇನ್ನೂ ಹಸಿಯಾಗಿರುವಾಗ ಕುಳ್ಳಿನ ಕೆಂಡದ ಬೂದಿಯಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿದರೆ ಹಸಿರು ಕಾಳು. ನಾವು ಅದನ್ನು ಸೀತನಿ ಎನ್ನುತ್ತೇವೆ, ಅವರು ಹುರಡಾ ಎನ್ನುತ್ತಾರೆ. ಜೊತೆಗೆ ಶೇಂಗಾ ಹಿಂಡಿ, ಬೆಲ್ಲದ ತುಂಡು. ಅಂಗೈ ಸುಡುತ್ತದೆ, ಆದರೂ ಯಾರೂ ಕೈ ಹಿಂದೆಗೆಯುವುದಿಲ್ಲ.

ಮಾರ್ಗಶಿರದ ಅಮಾವಾಸ್ಯೆ ಬಂದರೆ ಲಾತೂರ ಜಿಲ್ಲೆಗೇ ರಜೆ. ಮರಾಠಿಗರು ‘ವೇಳಾ ಅಮಾವಾಸ್ಯೆ’, ‘ಯೆಳವಸ’ ಎಂದು ಕರೆಯುವ ಈ ಹಬ್ಬ ನಮ್ಮ ಎಳ್ಳಮಾಸಿಯೇ. 2024ರಲ್ಲಿ ಅದು ಜನವರಿ 11ಕ್ಕೊಮ್ಮೆ, ಡಿಸೆಂಬರ್ 30ಕ್ಕೊಮ್ಮೆ, ಹೀಗೆ ಎರಡು ಸಲ ಬಂತು. ಮಕ್ಕಳಿಗೆ ಎಷ್ಟು ಖುಷಿಯೋ! ಪೇಟೆಗಳು ಬಿಕೋ ಎನ್ನುತ್ತವೆ. ಹೊಲದ ನಡುವೆ ಜೋಳದ ದಂಟಿನ ಖೋಪಿ, ಅದರೊಳಗೆ ಪಾಂಡವರೆಂದು ಇಟ್ಟ ಐದು ಕಲ್ಲು. ಮನೆಯಲ್ಲಿ ಗೋದಲಿ ಕಟ್ಟಿ ಇನ್ನೂ ಬಿಚ್ಚದ ನಮ್ಮ ಮಕ್ಕಳಿಗೆ ಆ ಖೋಪಿಯ ಗುರುತು ಹತ್ತದೆ ಇರದು. ಕಾಳು, ಕಾಯಿಪಲ್ಲೆ ಎಲ್ಲ ಕೂಡಿಸಿ ಕುದಿಸಿದ ಭಜ್ಜಿ, ಸಜ್ಜೆಯ ಉಂಡೆ, ಮಡಕೆಯಲ್ಲಿ ಮಜ್ಜಿಗೆಯ ಅಂಬಲಿ. ಚರಗ ಚೆಲ್ಲುತ್ತ ಮರಾಠಿ ರೈತರು ಕೂಗುವ ಮಾತುಗಳನ್ನು ಕಿವಿಗೊಟ್ಟು ಕೇಳಬೇಕು: ಅರ್ಥ ಅವರಿಗೂ ಮರೆತಿದೆ, ಆದರೆ ಧಾಟಿ ಕನ್ನಡದ್ದು. ಹೊಲವಿಲ್ಲದವರನ್ನೂ ಕರೆದು ಕೂಡಿಸುತ್ತಾರೆ. ಹೊಲದವರ ಜಾತಿ ಯಾವುದು, ಭಾಷೆ ಯಾವುದು ಎಂದು ಆ ದಿನ ನಾವೂ ಕೇಳಿದ್ದಿಲ್ಲ, ಅವರೂ ಕೇಳಿದ್ದಿಲ್ಲ.

ಉಮರ್ಗಾ ಸುತ್ತಲಿನ ಹಿರಿಯರಿಗೆ ಚಳಿ ಎಂದರೆ 1993ರ ಚಳಿಯೂ ಹೌದು. ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ, ಸಾಸ್ತೂರು ಸೀಮೆ ನಡುಗಿ ಸಾವಿರಾರು ಜನ ಸತ್ತರು. ಚಳಿಗೆ ಬೆಚ್ಚಗೆ, ಬಿಸಿಲಿಗೆ ತಣ್ಣಗೆ ಇರಲೆಂದು ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆಗಳೇ ಮಲಗಿದವರ ಮೇಲೆ ಬಿದ್ದವು. ಉಳಿದವರು ಆ ಚಳಿಗಾಲವನ್ನು ತಗಡಿನ ಶೆಡ್ಡುಗಳಲ್ಲಿ ಕಳೆದರು. ರಾತ್ರಿ ತಗಡು ಎಷ್ಟು ತಣ್ಣಗಾಗುತ್ತದೆಂದು ಅದರ ಕೆಳಗೆ ಮಲಗಿದವರಿಗೇ ಗೊತ್ತು.

ಈಗ ಕಾಡುವುದು ಬೇರೆ ಚಿಂತೆ. ಹೋದಲ್ಲೆಲ್ಲ ಸೋಯಾಬೀನ್, ಅದು ಕೊಯ್ದ ಮೇಲೆ ಕಡಲೆ. ಹಸಿ ಕಡಲೆ ಬಿಡಿಸಿ ತಿನ್ನುವುದೂ ಚಳಿಗಾಲದ ಸುಖವೇ, ಬೇಡವೆನ್ನುವುದಿಲ್ಲ. ಜೋಳಕ್ಕೆ ಹಕ್ಕಿ ಕಾಯಬೇಕು, ಕೊಯ್ಲಿಗೆ ಆಳು ಸಿಗುವುದಿಲ್ಲ; ದನಗಳೇ ಕಡಿಮೆಯಾದ ಮನೆಗೆ ಕಣಿಕೆ ಯಾತಕ್ಕೆ? ರೈತರನ್ನು ದೂರಿ ಫಲವಿಲ್ಲ. ಆದರೆ ಖೋಪಿ ಕಟ್ಟಲು ದಂಟು ಬೇಕಲ್ಲ! ಕೆಲವರು ಪಕ್ಕದ ಹೊಲದಿಂದ ಒಂದು ಹೊರೆ ಕೇಳಿ ತರುತ್ತಾರೆ. ಇನ್ನು ಕೆಲವರು ಹಬ್ಬಕ್ಕೆಂದೇ ಬದುವಿನ ಮಗ್ಗುಲಿಗೆ ನಾಲ್ಕು ಸಾಲು ಜೋಳ ಬಿತ್ತುತ್ತಾರೆ.