ಲೆಕ್ಕದ ಕೊನೆಗೆ ಉಳಿಯುವುದು

ನನ್ನ ಹವ್ಯಾಸ ಖಗೋಳಶಾಸ್ತ್ರದ್ದೇ ಆದರೂ ಅದಕ್ಕೆ ಆಕಾಶದ ಕಡೆ ಕತ್ತೆತ್ತಬೇಕಾಗಿಲ್ಲ. ಮೋಡ ಕವಿದರೂ ನಡೆಯುತ್ತದೆ. ಜಡಿಮಳೆಯ ಆಷಾಢದಲ್ಲಿ ಇನ್ನೂ ಚೆನ್ನಾಗಿ ನಡೆಯುತ್ತದೆ. ಬೇಕಾದದ್ದು ಒಂದು ಸಾಧಾರಣ ಕಂಪ್ಯೂಟರು, ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಉಚಿತ ತಂತ್ರಾಂಶ, ದೊಡ್ಡ ರೇಡಿಯೋ ದೂರದರ್ಶಕಗಳು ಹಿಡಿದು ಎಲ್ಲರಿಗೂ ತೆರೆದಿಟ್ಟಿರುವ ಅಂಕಿಗಳ ಸಾಲು. ಒಂದೊಂದು ಸಾಲೂ ಒಂದು ಪಲ್ಸಾರಿನ ಮಿಡಿತ ಭೂಮಿಗೆ ಬಂದು ಮುಟ್ಟಿದ ಗಳಿಗೆ. ಆ ಗಳಿಗೆ ಯಾವುದಿರಬೇಕೆಂದು ಲೆಕ್ಕ ಹಾಕುವುದು, ಹಾಕಿದ ಲೆಕ್ಕಕ್ಕೂ ಬಂದ ಮಿಡಿತಕ್ಕೂ ಎಷ್ಟು ವ್ಯತ್ಯಾಸ ಉಳಿಯಿತೆಂದು ನೋಡುವುದು, ಇಷ್ಟೇ ಕೆಲಸ. ಇದರಷ್ಟು ತೃಪ್ತಿ ಕೊಡುವ ಕೆಲಸ ನನಗೆ ಇನ್ನೊಂದಿಲ್ಲ.

ಸೂರ್ಯನಿಗಿಂತ ಬಹಳ ಭಾರವಾದ ನಕ್ಷತ್ರವೊಂದು ಉರುವಲು ತೀರಿ ಸಿಡಿದಾಗ ಅದರ ನಡುಭಾಗ ತನ್ನೊಳಗೇ ಕುಸಿಯುತ್ತದೆ. ಸೂರ್ಯನ ಒಂದೂವರೆ ಪಟ್ಟಿನಷ್ಟು ದ್ರವ್ಯ ಇಪ್ಪತ್ತೈದು ಕಿಲೋಮೀಟರಿಗೂ ಕಡಿಮೆ ಅಡ್ಡಳತೆಯ ಗೋಲದಲ್ಲಿ ಅಡಕವಾಗುತ್ತದೆ. ಇದೇ ನ್ಯೂಟ್ರಾನ್ ನಕ್ಷತ್ರ. 1932ರಲ್ಲಿ ಚಾಡ್‌ವಿಕ್ ನ್ಯೂಟ್ರಾನ್ ಕಣವನ್ನು ಕಂಡುಹಿಡಿದ ಎರಡೇ ವರ್ಷಗಳಲ್ಲಿ ಬಾಡೆ ಮತ್ತು ಜ್ವಿಕಿ ಇಂಥದ್ದೊಂದು ಇರಬಹುದೆಂದು ಬರೆದಿದ್ದರು. ಕುಗ್ಗಿದಷ್ಟೂ ಅದರ ತಿರುಗುವಿಕೆ ವೇಗವಾಗುತ್ತದೆ. ಅದರ ಕಾಂತಧ್ರುವಗಳು ತಿರುಗುವ ಅಕ್ಷಕ್ಕೆ ಓರೆಯಾಗಿರುವುದರಿಂದ ಅಲ್ಲಿಂದ ಹೊಮ್ಮುವ ರೇಡಿಯೋ ಕಿರಣ ಸುತ್ತಿಗೊಮ್ಮೆ ನಮ್ಮನ್ನು ಸವರಿ ಹೋಗುತ್ತದೆ. ಹೀಗೆ ಮಿಡಿಯುವ ನ್ಯೂಟ್ರಾನ್ ನಕ್ಷತ್ರವೇ ಪಲ್ಸಾರ್. 1054ರಲ್ಲಿ ಚೀನಾದ ವೀಕ್ಷಕರು ಹೊಸ ನಕ್ಷತ್ರವೊಂದನ್ನು ಕಂಡು ಬರೆದಿಟ್ಟರಲ್ಲ, ಆ ಸ್ಫೋಟದಲ್ಲಿ ಹುಟ್ಟಿದ ಏಡಿ ನೀಹಾರಿಕೆಯ ಪಲ್ಸಾರ್ ಇಂದಿಗೂ ಸೆಕೆಂಡಿಗೆ ಸುಮಾರು 30 ಸುತ್ತು ಹಾಕುತ್ತಿದೆ. ಒಂದು ದಿನ ಕಳೆದರೆ ಅದರ ಒಂದು ಸುತ್ತಿನ ಅವಧಿ ಸುಮಾರು 36 ನ್ಯಾನೋಸೆಕೆಂಡಿನಷ್ಟು ಹಿಗ್ಗುತ್ತದೆ. ಅಷ್ಟು ದೂರದ ಒಂದು ಗೋಲದ ಆಯಾಸವನ್ನು ಇಷ್ಟು ನಿಖರವಾಗಿ ಅಳೆಯಬಹುದೆಂಬುದೇ ನನ್ನನ್ನು ಈ ಹವ್ಯಾಸಕ್ಕೆ ಎಳೆದದ್ದು.

ಒಂಟಿ ಮಿಡಿತಗಳನ್ನು ನೋಡಿದರೆ ಒಂದಿದ್ದಂತೆ ಇನ್ನೊಂದಿರುವುದಿಲ್ಲ. ಹೆಚ್ಚಿನವು ಗದ್ದಲದಲ್ಲಿ ಮುಳುಗಿಯೇ ಹೋಗಿರುತ್ತವೆ. ಆದರೆ ಸಾವಿರಾರು ಮಿಡಿತಗಳನ್ನು ಸರಿಯಾದ ಅವಧಿಗೆ ಕತ್ತರಿಸಿ ಒಂದರ ಮೇಲೊಂದು ಪೇರಿಸಿದಾಗ ಗದ್ದಲ ತಾನಾಗಿ ಅಡಗಿ, ಆ ಪಲ್ಸಾರಿಗೆ ಮಾತ್ರ ಸೇರಿದ ಒಂದು ಆಕಾರ ಮೇಲೇಳುತ್ತದೆ. ಒಂದಕ್ಕೆ ಚೂಪಾದ ಒಂದೇ ಶಿಖರ, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ಪಕ್ಕದಲ್ಲೊಂದು ಸಣ್ಣ ದಿಬ್ಬ. ವರ್ಷಗಳು ಉರುಳಿದರೂ ಆ ಆಕಾರ ಸಾಮಾನ್ಯವಾಗಿ ಬದಲಾಗುವುದಿಲ್ಲ. ಅದನ್ನು ಅಳತೆಗೋಲಾಗಿ ಇಟ್ಟುಕೊಂಡು ಮಿಡಿತ ಬಂದ ಹೊತ್ತನ್ನು ಗುರುತಿಸುತ್ತಾರೆ.

ಆಮೇಲೆ ತಿದ್ದುಪಡಿಗಳು. ಭೂಮಿ ಸೂರ್ಯನನ್ನು ಸುತ್ತುತ್ತಿರುವುದರಿಂದ ಮಿಡಿತ ಎಂಟು ನಿಮಿಷಕ್ಕೂ ಮಿಕ್ಕಿ ಬೇಗ ಬರಬಹುದು ಅಥವಾ ತಡವಾಗಬಹುದು. ಗುರುಗ್ರಹದ ಸೆಳೆತಕ್ಕೆ ಸೂರ್ಯನೇ ಅತ್ತಿತ್ತ ಸರಿಯುತ್ತಾನೆ, ಅದನ್ನೂ ಕಳೆಯಬೇಕು. ದಾರಿಯಲ್ಲಿ ಸಿಗುವ ಎಲೆಕ್ಟ್ರಾನುಗಳು ಕಡಿಮೆ ಕಂಪನಾಂಕದ ಅಲೆಗಳನ್ನು ಹೆಚ್ಚು ತಡಮಾಡುತ್ತವೆ, ಅದನ್ನೂ. ಎಲ್ಲ ಕಳೆದ ಮೇಲೆ ಉಳಿದ ವ್ಯತ್ಯಾಸವನ್ನು ತೆರೆಯ ಮೇಲೆ ಚುಕ್ಕಿಗಳಾಗಿ ಹರಡಿ ನೋಡುವಾಗ ನನಗೆ ಉಸಿರು ಹಿಡಿದಂತಾಗುತ್ತದೆ. ಅವಧಿ ತಪ್ಪಿದ್ದರೆ ಚುಕ್ಕಿಗಳು ಓರೆ ಗೆರೆಯಲ್ಲಿ ಏರುತ್ತವೆ ಅಥವಾ ಇಳಿಯುತ್ತವೆ. ನಿಧಾನವಾಗುವ ಪ್ರಮಾಣ ತಪ್ಪಿದ್ದರೆ ಗೆರೆ ಬಿಲ್ಲಿನಂತೆ ಬಾಗುತ್ತದೆ. ಆಕಾಶದಲ್ಲಿ ಪಲ್ಸಾರಿನ ಸ್ಥಾನ ತಪ್ಪಿದ್ದರೆ ಸರಿಯಾಗಿ ವರ್ಷಕ್ಕೊಂದು ಸುತ್ತಿನ ಅಲೆ ಏಳುತ್ತದೆ. ಆ ಅಲೆಯನ್ನು ಸಮ ಮಾಡುವ ಹೊತ್ತಿಗೆ ಒಂದು ಚಿತ್ರವನ್ನೂ ನೋಡದೆ ಪಲ್ಸಾರ್ ಎಲ್ಲಿದೆಯೆಂದು ಅತಿ ನಿಖರವಾಗಿ ತಿಳಿದಿರುತ್ತದೆ. ಅಂಗಡಿಯ ಖಾತೆಯಲ್ಲಿ ನಾಲ್ಕಾಣೆ ಹೆಚ್ಚು ಬಂದರೂ ಕಾರಣ ಸಿಗುವವರೆಗೆ ದೀಪ ಆರಿಸದ ಹಳೆಯ ಕಾಲದ ಗುಮಾಸ್ತರ ಹಾಗೆ, ಈ ಶಾಸ್ತ್ರದಲ್ಲಿ ಉಳಿಕೆಯನ್ನು ಯಾರೂ ಸುಮ್ಮನೆ ಬಿಡುವುದಿಲ್ಲ.

ಪಲ್ಸಾರ್‌ಗಳ ಚರಿತ್ರೆಯೆಲ್ಲ ಹೀಗೆ ಬಿಡದವರ ಚರಿತ್ರೆ. 1967ರಲ್ಲಿ ಕೇಂಬ್ರಿಡ್ಜಿನ ಸಂಶೋಧನಾ ವಿದ್ಯಾರ್ಥಿನಿ ಜೋಸೆಲಿನ್ ಬೆಲ್ ಮೈಲುಗಟ್ಟಲೆ ಕಾಗದದ ಸುರುಳಿ ನೋಡುತ್ತಿದ್ದಾಗ ಕಾಲಿಂಚಿನಷ್ಟು ಜಾಗದಲ್ಲಿ ಒಂದು ಗೀಚು ಕಂಡಿತು. ತಾವು ಹುಡುಕುತ್ತಿದ್ದ ಮೂಲಗಳಂತೆಯೂ ಇರಲಿಲ್ಲ, ಭೂಮಿಯ ಮೇಲಿನ ಗದ್ದಲದಂತೆಯೂ ಇರಲಿಲ್ಲ. ಅದು ನಕ್ಷತ್ರಗಳ ಜೊತೆಗೇ ಬಂದು ಹೋಗುತ್ತಿತ್ತು. ನವೆಂಬರಿನಲ್ಲಿ ಕಾಗದವನ್ನು ವೇಗವಾಗಿ ಓಡಿಸಿ ನೋಡಿದಾಗ ಆ ಗೀಚು 1.337 ಸೆಕೆಂಡಿಗೊಮ್ಮೆ ಬೀಳುವ ಮಿಡಿತವಾಗಿ ಬಿಡಿಸಿಕೊಂಡಿತು. 1974ರ ನೊಬೆಲ್ ಅವರ ಮಾರ್ಗದರ್ಶಕ ಹ್ಯೂಯಿಶ್ ಅವರಿಗೂ ಮಾರ್ಟಿನ್ ರೈಲ್ ಅವರಿಗೂ ಸಂದಿತು, ಬೆಲ್ ಅವರಿಗೆ ಸಲ್ಲಲಿಲ್ಲ. 2018ರಲ್ಲಿ ಬಂದ ಮೂವತ್ತು ಲಕ್ಷ ಡಾಲರ್ ಪ್ರಶಸ್ತಿಯನ್ನು ಅವರು ಅವಕಾಶ ವಂಚಿತ ವಿದ್ಯಾರ್ಥಿಗಳ ಸಂಶೋಧನಾ ವೇತನಕ್ಕೆ ಕೊಟ್ಟುಬಿಟ್ಟರು. ಅವರ ಹೆಸರು ಹೇಳುವಾಗ ನನ್ನ ಮನಸ್ಸು ತಾನಾಗಿ ಬಾಗುತ್ತದೆ.

1969ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದಲ್ಲಿ ವೀ. ರಾಧಾಕೃಷ್ಣನ್ ಮತ್ತು ಮ್ಯಾಂಚೆಸ್ಟರ್ ಅವರಿಗೆ ವೇಲಾ ಪಲ್ಸಾರಿನ ಲೆಕ್ಕ ತಪ್ಪಿತು. ನಿಧಾನವಾಗುತ್ತಲೇ ಹೋಗಬೇಕಾದದ್ದು ಹತ್ತು ಲಕ್ಷದಲ್ಲಿ ಎರಡು ಪಾಲಿನಷ್ಟು ವೇಗ ಪಡೆದಿತ್ತು. ಆ ಸಣ್ಣ ಜಿಗಿತದ ಜಾಡು ಹಿಡಿದು ಹೋದವರು, ಗಟ್ಟಿ ಹೊರಕವಚದ ಒಳಗೆ ಘರ್ಷಣೆಯೇ ಇಲ್ಲದೆ ಹರಿಯುವ ನ್ಯೂಟ್ರಾನ್ ದ್ರವವಿದೆಯೆಂಬ ತಿಳಿವಳಿಕೆಗೆ ಬಂದರು. ರಾಧಾಕೃಷ್ಣನ್ ಮುಂದೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. 1982ರಲ್ಲಿ ಬರ್ಕ್ಲಿಯ ಬ್ಯಾಕರ್, ಆಗಿನ್ನೂ ವಿದ್ಯಾರ್ಥಿಯಾಗಿದ್ದ ಹುಬ್ಬಳ್ಳಿಯಲ್ಲಿ ಬೆಳೆದ ಶ್ರೀನಿವಾಸ ಕುಲಕರ್ಣಿ ಮತ್ತು ಸಂಗಡಿಗರು, ಯಾವ ವರ್ಗಕ್ಕೂ ಹೊಂದದ ಒಂದು ರೇಡಿಯೋ ಮೂಲವನ್ನು ಬಿಡದೆ ಬೆನ್ನಟ್ಟಿ, ಸೆಕೆಂಡಿಗೆ 642 ಸುತ್ತು ತಿರುಗುವ ಪಲ್ಸಾರನ್ನು ಕಂಡುಹಿಡಿದರು. ಅದೇ ವರ್ಷ ರಾಧಾಕೃಷ್ಣನ್ ಮತ್ತು ಜಿ. ಶ್ರೀನಿವಾಸನ್ ಬೆಂಗಳೂರಿನಲ್ಲಿ ಕುಳಿತು, ಇದು ಸಂಗಾತಿ ನಕ್ಷತ್ರದ ದ್ರವ್ಯ ಸುರಿಸಿಕೊಂಡು ಮತ್ತೆ ವೇಗ ಪಡೆದ ಮುದಿ ನಕ್ಷತ್ರವೆಂದು ವಾದಿಸಿದರು. ಈ ಎರಡು ತುದಿಗಳಲ್ಲೂ ನಮ್ಮ ನೆಲದ ಹೆಜ್ಜೆ ಇರುವುದು ನನಗೆ ಹೆಮ್ಮೆಯ ಸಂಗತಿ.

ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಸಂಗ 1992ರ ಜನವರಿಯದು. ಹಿಂದಿನ ವರ್ಷ ಆಂಡ್ರ್ಯೂ ಲೈನ್ ಮತ್ತು ಸಂಗಡಿಗರು ಒಂದು ಪಲ್ಸಾರಿನ ಉಳಿಕೆಯಲ್ಲಿ ಆರು ತಿಂಗಳ ಅಲೆಯನ್ನು ಕಂಡು, ಅದನ್ನು ಗ್ರಹವೊಂದು ಸುತ್ತುತ್ತಿದೆಯೆಂದು ಪ್ರಕಟಿಸಿದ್ದರು. ಅಮೆರಿಕದ ಖಗೋಳ ಸಂಘದ ಸಭೆಯಲ್ಲಿ ಅದರ ಬಗ್ಗೆ ಮಾತಾಡಬೇಕಿತ್ತು. ಅದಕ್ಕೆ ಮೊದಲೇ ಲೈನ್ ಅವರಿಗೆ ಕಾರಣ ಹೊಳೆಯಿತು. ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲವೆಂಬುದು ಲೆಕ್ಕದಲ್ಲಿ ಸರಿಯಾಗಿ ಸೇರಿರಲಿಲ್ಲ. ಆ ಅಲೆ ನಮ್ಮದೇ ಭೂಮಿಯದು. ವೇದಿಕೆ ಹತ್ತಿ ಅದನ್ನೇ ಹೇಳಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವರ ನಂತರ ಮಾತಾಡಿದ ಅಲೆಕ್ಸಾಂಡರ್ ವೊಲ್ಶಾನ್, ಡೇಲ್ ಫ್ರೇಲ್ ಜೊತೆ ಇನ್ನೊಂದು ಪಲ್ಸಾರಿನಲ್ಲಿ ಕಂಡ ಉಳಿಕೆಯನ್ನು ಮುಂದಿಟ್ಟರು. ಸುಮಾರು 66 ಮತ್ತು 98 ದಿನಗಳ ಎರಡು ಅಲೆಗಳು, ಭೂಮಿಯ ಯಾವ ಲೆಕ್ಕಕ್ಕೂ ಸಿಗದವು. ಸೌರವ್ಯೂಹದ ಆಚೆ ದೃಢಪಟ್ಟ ಮೊದಲ ಗ್ರಹಗಳು ಅವೇ. ಒಬ್ಬರ ಪ್ರಾಮಾಣಿಕತೆಯೂ ಇನ್ನೊಬ್ಬರ ಶೋಧವೂ ಒಂದೇ ಅಚ್ಚುಕಟ್ಟಿನಿಂದ ಹುಟ್ಟಿದವು. ಉಳಿಕೆ ಕಂಡರೆ ಮೊದಲು ನಮ್ಮ ಕಾಲ ಕೆಳಗಿನ ನೆಲವನ್ನೇ ಅನುಮಾನಿಸಬೇಕು; ಆಮೇಲೂ ಉಳಿದದ್ದನ್ನು ಧೈರ್ಯವಾಗಿ ನಂಬಬೇಕು.

ಈಗ ಒಂದು ಪಲ್ಸಾರಿನ ಉಳಿಕೆಯನ್ನು ಇನ್ನೊಂದರ ಉಳಿಕೆಯ ಜೊತೆ ಹೋಲಿಸುವ ಕಾಲ ಬಂದಿದೆ. ದೈತ್ಯ ಕಪ್ಪುಕುಳಿಗಳ ಜೋಡಿಗಳು ಎಬ್ಬಿಸುವ, ಒಂದು ಏರಿಳಿತಕ್ಕೆ ವರ್ಷಗಳನ್ನೇ ತೆಗೆದುಕೊಳ್ಳುವ ಗುರುತ್ವದ ಅಲೆಗಳು ಹಾದುಹೋದರೆ, ಎರಡು ಪಲ್ಸಾರ್‌ಗಳ ಉಳಿಕೆಗಳ ನಂಟು ಆಕಾಶದಲ್ಲಿ ಅವುಗಳ ನಡುವಿನ ಕೋನಕ್ಕೆ ತಕ್ಕಂತೆ ಬದಲಾಗಬೇಕೆಂದು ಹೆಲಿಂಗ್ಸ್ ಮತ್ತು ಡೌನ್ಸ್ 1983ರಲ್ಲೇ ತೋರಿಸಿದ್ದರು. 2023ರ ಜೂನಿನಲ್ಲಿ ಹಲವು ದೇಶಗಳ ತಂಡಗಳು ಅದಕ್ಕೆ ಸಾಕ್ಷ್ಯ ಸಿಕ್ಕಿದೆಯೆಂದು ಒಟ್ಟಿಗೆ ಪ್ರಕಟಿಸಿದವು. ಪುಣೆ ಬಳಿಯ ಖೋಡದ್‌ನಲ್ಲಿ 45 ಮೀಟರ್ ಅಗಲದ 30 ತಟ್ಟೆಗಳಿಂದ ಮಿಡಿತ ಹಿಡಿಯುವ ನಮ್ಮ ತಂಡವೂ ಅದರಲ್ಲಿತ್ತು.

ಆ ತಂಡದ ಅಂಕಿಗಳೂ ಎಲ್ಲರಿಗೂ ತೆರೆದಿವೆ. ಕೈಹಾಕಿ ನೋಡಬೇಕೆನ್ನುವವರಿಗೆ ನನ್ನದೊಂದು ಸಲಹೆ. ಜಿಗಿತಗಳ ವೇಲಾ ಪಲ್ಸಾರಿನಿಂದ ಶುರುಮಾಡಬೇಡಿ. ಜೆ1744-1134 ಎಂಬ ಒಂಟಿ ಪಲ್ಸಾರ್ ಇದೆ, ಸಂಗಾತಿಯ ತೊಡಕಿಲ್ಲದ್ದು. ಅದರ ಸ್ಥಾನವನ್ನು ಬೇಕೆಂದೇ ಕೊಂಚ ಕೆಡಿಸಿ ವರ್ಷದ ಅಲೆ ಏಳುವುದನ್ನು ನೋಡಿ, ಮತ್ತೆ ಸರಿಪಡಿಸಿ. ಅದು ಕೈಗೆ ಒಗ್ಗಿದ ಮೇಲೆ ಒಂದೂವರೆ ದಿನಕ್ಕೊಮ್ಮೆ ಸಂಗಾತಿಯನ್ನು ಸುತ್ತಿ ಬರುವ ಜೆ1909-3744ಕ್ಕೆ ಹೋಗಿ. ಆ ಕಕ್ಷೆಯ ಲೆಕ್ಕ ಕೂಡಿ ಚುಕ್ಕಿಗಳೆಲ್ಲ ಒಂದು ಮಟ್ಟಕ್ಕೆ ಬಂದು ನಿಂತ ದಿನ, ಅವುಗಳಲ್ಲಿ ಇನ್ನೂ ಸಾಲಿಗೆ ಬಾರದೆ ಉಳಿದವು ಯಾವುವೆಂದು ಹುಡುಕಲು ನಿಮಗೆ ಯಾರೂ ಹೇಳಿಕೊಡಬೇಕಾಗುವುದಿಲ್ಲ.