ಕಾಲ್ ಆಫ್ ಅಂದರೆ ಕರೆ ಅಲ್ಲ
ಆಗಿನ್ನೂ ಸ್ಟ್ರಿಂಗರ್ ಆದ ಹೊಸತು. ರಾತ್ರಿ ವಾಟ್ಸಾಪ್‌ಗೆ ಇಂಗ್ಲಿಷ್ ಪ್ರಕಟಣೆ ಬಂತು: ಬಸ್ ಮುಷ್ಕರ ‘ಕಾಲ್ಡ್ ಆಫ್’. ಕಾಲ್ ಅಂದರೆ ಕರೆ ತಾನೇ? ‘ನಾಳೆ ಮುಷ್ಕರಕ್ಕೆ ಕರೆ’ ಎಂದು ಬರೆದು ಕಳಿಸಿಬಿಟ್ಟೆ. ಡೆಸ್ಕಿನವರೂ ನೋಡಲಿಲ್ಲ.

ಬೆಳಿಗ್ಗೆ ಬಸ್ಸುಗಳು ಎಂದಿನಂತೆ ಓಡಿದವು. ನಮ್ಮೂರಿನ ಅಜ್ಜಿಯೊಬ್ಬರು ಮಾತ್ರ ಪೇಪರ್ ಓದಿಸಿಕೊಂಡು, ಕಣ್ಣಿನ ಆಪರೇಷನ್‌ಗೆ ಹೋಗದೆ ಮನೆಯಲ್ಲೇ ಕೂತರು. “ನೀನೇ ಬರ್ದಿದ್ದಲ್ಲೇನಪ್ಪಾ?” ಅಂದರು. ಬೈದಿದ್ದರೂ ಚೆನ್ನಾಗಿತ್ತು.

ಕಾಲ್ ಆಫ್ ಅಂದರೆ ರದ್ದು ಮಾಡುವುದು, ಶುರುವಾದದ್ದನ್ನು ಕೈಬಿಡುವುದು. ಚೌರಿ ಚೌರಾ ಘಟನೆಯ ನಂತರ, 1922ರಲ್ಲಿ, ಗಾಂಧೀಜಿ ಅಸಹಕಾರ ಚಳವಳಿ ನಿಲ್ಲಿಸಿದ್ದಕ್ಕೂ ಇಂಗ್ಲಿಷ್ ಪುಸ್ತಕಗಳಲ್ಲಿ ಇದೇ ಮಾತು. ಡಿಪ್ಲೊಮಾದಲ್ಲಿ ಓದಿಯೂ ಇದ್ದೆ! ಮುಂದಕ್ಕೆ ಹಾಕಿದರೆ ಅದು ಪುಟ್ ಆಫ್. ಅಜ್ಜಿಯ ಆಪರೇಷನ್‌ಗೆ ಆದದ್ದು ಅದು. ಮುಂದಿನ ತಿಂಗಳು ಅವರ ಜೊತೆ ನಾನೇ ಬಸ್ ಹತ್ತಿದೆ.